ದುರ್ಗಮ್ಮನ ಬೀಗದ ಮೇಲೊಂದು ಬೀಗ

"ಅವಳ ಬೀಗದ ಮೇಲೆ ನಿಮ್ ಬೀಗ ಹಾಕ್ಬ್ಯಾಡ್ರಿ, ಯಜಮಾನ್ರೇ. ಬೇಕಾದ್ರೆ ಬಾಗ್ಲನ್ನೇ ಒಡೀರಿ. ಬೀಗ ಮಾತ್ರ ಬ್ಯಾಡ."

ಮೊದಲನೆಯ ಮನೆಯ ದರ್ಜಿ ಬೆನಕಪ್ಪ ಈ ಮಾತನ್ನಾಡುವಾಗ ಅವನ ಹೊಲಿಗೆಯಂತ್ರದ ಚಕ್ರ ನಿಂತುಹೋಗಿತ್ತು. ಇಪ್ಪತ್ತೆರಡು ವರ್ಷಗಳಿಂದ ಅವನು ಆ ಸಾಲುಮನೆಯ ಬಾಡಿಗೆದಾರ. ಮೂವರು ಮಾಲೀಕರನ್ನು ಕಂಡವನು. ನಾಲ್ಕನೆಯವನಾದ ಶಿವಮೂರ್ತಪ್ಪನು ಅಂಗಡಿಯಿಂದ ಆಗಷ್ಟೇ ತಂದ ಹಿತ್ತಾಳೆಯ ಬೀಗವನ್ನು ಅಂಗೈಯಲ್ಲಿ ತೂಗಿ ನೋಡುತ್ತ ನಕ್ಕನು.

"ಬಾಗಿಲು ಒಡೆದರೆ ಪೊಲೀಸರು ಬರ್ತಾರೆ ಬೆನಕಪ್ಪ. ಬೀಗ ಹಾಕಿದರೆ ಯಾರಪ್ಪಾ ಬರ್ತಾರೆ? ದೆವ್ವವಾ?"

"ಬಂದ್ಮ್ಯಾಕೆ ನೀವೇ ಹೇಳ್ತೀರ ಬಿಡ್ರಿ."

ಶಿವಮೂರ್ತಪ್ಪನು ಹುಬ್ಬಳ್ಳಿಯ ರೈಲ್ವೆ ಗೂಡ್ಸ್ ಷೆಡ್ಡಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದು, ನಿವೃತ್ತನಾಗಿ, ಎಪ್ಪತ್ತೆಂಟರ ದೀಪಾವಳಿಯ ಹೊತ್ತಿಗೆ ಅಜ್ಜಂಪುರ ಸ್ಟೇಷನ್ನಿನ ಹಿಂದಿದ್ದ ನಾಲ್ಕು ಮನೆಗಳ ಈ ಸಾಲನ್ನು ಕೊಂಡಿದ್ದನು. ಎರಡನೆಯದರಲ್ಲಿ ತಾಯಿಯಿಲ್ಲದ ಮಗಳು ಪ್ರೇಮಳೊಡನೆ ತಾನೇ ವಾಸವಾಗಿದ್ದನು. ನಾಲ್ಕಕ್ಕೂ ಒಂದೇ ಹೆಂಚಿನ ಮಾಡು. ನಡುವಿನ ಗೋಡೆಗಳು ಎಂಟಡಿ ಎತ್ತರಕ್ಕೆ ನಿಂತುಬಿಟ್ಟಿದ್ದವು; ಅದರ ಮೇಲೆ ಹೆಂಚಿನವರೆಗೂ ಬರೀ ಕತ್ತಲೆ. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ನಾಲ್ಕೂ ಮನೆಯವರು ಸೀನುತ್ತಿದ್ದರು.

ಮೂರನೆಯ ಮನೆಯವಳು ದುರ್ಗಮ್ಮ. ಒಂಟಿ ಹೆಂಗಸು. ಅವಳು ಮಾಟ ಮಾಡುವವಳಲ್ಲ. ಬೇರೆಯವರು ಮಾಡಿ ಹೂತಿಟ್ಟಿದ್ದನ್ನು ಹುಡುಕಿ ಅಗೆದು ತರುವವಳು. ತಂದದ್ದನ್ನು ಮನೆಯಲ್ಲಿ ಮಡಕೆಯಡಿ ಮುಚ್ಚಿಟ್ಟು, ಅಮಾವಾಸ್ಯೆಯ ದಿನ ಹೊತ್ತು ಮುಳುಗುವ ಮೊದಲು ಬುಕ್ಕಾಂಬುಧಿಯ ಕೆರೆಗೆ ಬಿಟ್ಟು ಬರುವುದು ಅವಳ ಕಸುಬು. ಬಾಡಿಗೆಯಲ್ಲಿ ಒಂದು ದಿನವೂ ತಪ್ಪಿದವಳಲ್ಲ. ಆದರೆ ಪ್ರೇಮಳಿಗೆ ತರೀಕೆರೆಯಲ್ಲಿ ಗಂಡು ಗೊತ್ತಾಗಿತ್ತು. ಮಾಘದ ಅಮಾವಾಸ್ಯೆ ಕಳೆದ ಬಿದಿಗೆಯ ದಿನ ಗಂಡಿನ ಕಡೆಯವರು ಮಾತು ಮುಗಿಸಲು ಬರುವವರಿದ್ದರು. ಅವರ ಕಣ್ಣೆದುರು ಮುಸುಕು ಹಾಕಿದ ಹೆಂಗಸರು ಗಂಟುಗಳನ್ನು ಹಿಡಿದು ಪಕ್ಕದ ಜಗಲಿ ಹತ್ತಿದರೆ ಸಂಬಂಧ ಉಳಿದೀತೇ? ಮನೆ ಬಿಡು ಎಂದು ಶಿವಮೂರ್ತಪ್ಪನು ಹೇಳಿದ್ದನು.

"ಯುಗಾದಿವರ್ಗೂ ಇರಾಕ್ ಬಿಡಿ ಸ್ವಾಮಿ," ಎಂದಿದ್ದಳು ದುರ್ಗಮ್ಮ. "ನಂಗೆ ಯಾರು ಮನೆ ಕೊಡ್ತಾರೆ? ಕೆಲ್ಸ ಆಗೋವರ್ಗೂ ಅಕ್ಕಾ ಅಂತಾರೆ. ಆದ್ಮ್ಯಾಲೆ ಬೀದೀಲಿ ಕಂಡ್ರೆ ಮಖ ತಿರುಗಿಸ್ತಾರೆ."

ಕೋರ್ಟಿಗೆ ಹೋದರೆ ಬಾಡಿಗೆದಾರನನ್ನು ಎಬ್ಬಿಸಲು ಹತ್ತು ವರ್ಷ ಬೇಕೆಂಬುದನ್ನು ಅವನು ಬಲ್ಲನು. ಅವಳು ಕಾಯಿಲೆಯ ತಂಗಿಯನ್ನು ನೋಡಲು ಕಡೂರಿಗೆ ಹೋದ ದಿನ, ಚಿಲಕದಲ್ಲಿ ತೂಗುತ್ತಿದ್ದ ಅವಳ ತುಕ್ಕುಬೀಗದ ಮೇಲೆ ತನ್ನ ಹೊಸ ಬೀಗವನ್ನು ಜಡಿದನು. ಬೆನಕಪ್ಪ ಅದನ್ನು ನೋಡಿ, ಹೊಲಿಯುತ್ತಿದ್ದ ಬಟ್ಟೆಯನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋದನು.

ಮಾಘದ ಅಮಾವಾಸ್ಯೆಯ ಮಧ್ಯಾಹ್ನ ದುರ್ಗಮ್ಮ ಮರಳಿ ಬಂದಳು. ಎರಡು ಬೀಗಗಳನ್ನು ಕಂಡವಳೇ ಜಗಲಿಯ ಕಂಬವನ್ನು ಹಿಡಿದುಕೊಂಡಳು.

"ನಿಮ್ ಬೀಗ ತೆಗೀರಿ ಸ್ವಾಮಿ. ಒಳ್ಗೆ ಒಂದು ಗಂಟೈತೆ. ಚೌಳಹಿರಿಯೂರಿಂದ ಕಿತ್ಕಂಡು ಬಂದಿದ್ದು. ಮದ್ವೆ ಗೊತ್ತಾದ ಹೆಣ್ಣು ಹೊಸಿಲು ದಾಟ್ದಂಗೆ ಕಟ್ಟಿದ್ರು. ಐದು ಗಂಟೆ ಬಸ್ಸಿಗೆ ನಾನು ಕೆರೆಗೆ ಹೋಗ್ಬೇಕು."

"ಸಾಮಾನೆಲ್ಲ ಸಾಗಿಸ್ತೀನಿ ಅನ್ನು. ಈಗಲೇ ತೆಗೀತೀನಿ."

"ಇವತ್ತೇ ಎಲ್ಲಿಗ್ ಹೋಗ್ಲಿ?"

"ಅದನ್ನ ನಾನ್ಯಾಕೆ ಹೇಳಲಿ? ಮನೆ ನನ್ನದು."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ದನಿ ತಗ್ಗಿತು.

"ಆ ಮಾತು ಇವತ್ತು ಆಡ್ಬ್ಯಾಡ್ರಿ. ಬೀಗದ ಕೈ ಯಾರ ತಾವ ಐತೋ ಮನೆ ಅವರ್ದು, ಒಳ್ಗಿರೋದೂ ಅವರ್ದೇ ಅಂತ ಅದು ತಿಳ್ಕಂತದೆ. ಕೇಳಿಸ್ಕಂತದೆ ಕಣ್ರೀ ಅದು."

ಶಿವಮೂರ್ತಪ್ಪನು ಬೀದಿಗೆಲ್ಲ ಕೇಳುವಂತೆ ನಕ್ಕನು. ಮುಚ್ಚಿದ ಬಾಗಿಲಿನತ್ತ ತಿರುಗಿ, ಕಿವುಡನಿಗೆ ಹೇಳುವಂತೆ ಕೂಗಿದನು: "ಹೌದಪ್ಪಾ! ಒಳಗಿರೋದೂ ನನ್ನದೇ!"

ದುರ್ಗಮ್ಮ ಹೋಗಿ ಬೆನಕಪ್ಪನ ಜಗಲಿಯಲ್ಲಿ ಬರಿಗೈಯಲ್ಲಿ ಕುಳಿತಳು. ಐದು ಗಂಟೆಯ ಬಸ್ಸು ಹಾರನ್ ಹೊಡೆದು ಹೋಯಿತು. ಅವಳು ತಲೆಯೆತ್ತಲಿಲ್ಲ. ರೈಲು ಹಳಿಯಾಚೆಯ ಬಯಲಿನಲ್ಲಿ ಸೂರ್ಯ ಕೆಂಪಗೆ ಕರಗಿದನು.

ಮೊದಲು ಬಂದದ್ದು ವಾಸನೆ. ಎಷ್ಟೋ ಕಾಲ ಬಿಸಿಲು ಕಾಣದ ಮಣ್ಣಿನ ವಾಸನೆ. ಅದರೊಳಗೆ ಸುಟ್ಟ ಕೂದಲಿನ ಕಮಟು. ಗೋಡೆಯ ಮೇಲಿನ ಕತ್ತಲೆಯಿಂದ ಅದು ನಿಧಾನವಾಗಿ ಇಳಿಯಿತು. ಆಮೇಲೆ ಸದ್ದು: ಮೊಳೆಯಿಂದ ಮರವನ್ನು ಗೀರಿದ ಹಾಗೆ, ಬಿಟ್ಟು ಬಿಟ್ಟು, ಯಾರೋ ಏನನ್ನೋ ಹುಡುಕುತ್ತ ತಡವರಿಸುವ ಹಾಗೆ. ಹೆಂಚಿನ ಸಂದಿಯಿಂದ ಮಸಿ ಉದುರಿತು. ಪ್ರೇಮ ಹಚ್ಚಿಟ್ಟ ದೀಪದ ಕುಡಿ ಹಣತೆಯ ಅಂಚಿಗೆ ಬಾಗಿತು. ಗಾಳಿಯಿರಲಿಲ್ಲ.

"ಇಲಿ," ಎಂದನು ಶಿವಮೂರ್ತಪ್ಪ, ಯಾರೂ ಕೇಳದಿದ್ದರೂ.

ಒಣಗಿದ ಬಟ್ಟೆಗಳನ್ನು ತರಲು ಪ್ರೇಮ ಅಂಗಳಕ್ಕೆ ಹೊರಟಳು. ಹೊಸಿಲ ಬಳಿ ನಿಂತಳು. ನಿಂತೇ ಇದ್ದಳು.

"ಅಪ್ಪಾ, ಕಾಲು ಏಳ್ತಿಲ್ಲ."

"ಬೆಳಿಗ್ಗೆಯಿಂದ ಕೂತೇ ಹೊಲೀತಿದ್ದೆಯಲ್ಲ, ಜೋಮು ಹಿಡಿದಿರಬೇಕು. ಬಾ," ಎಂದು ಅವನು ಹೊರಗೆ ನಿಂತು ಅವಳ ಕೈ ಹಿಡಿದು ಎಳೆದನು.

ಅವಳ ಮೈ ಕಲ್ಲಿನಂತೆ ಭಾರವಾಗಿತ್ತು. ಬಲವಾಗಿ ಎಳೆದನು. ಅವಳ ಮುಖ ಹೊಸಿಲನ್ನು ದಾಟಿತು. ಉಸಿರು ನಿಂತಿತು. ಬಾಯಿ ತೆರೆದಿತ್ತು, ಗಾಳಿ ಒಳಗೆ ಹೋಗಲಿಲ್ಲ. ತುಟಿ ನೀಲಿಯಾಯಿತು. ಕಣ್ಣಾಲಿಗಳು ಮೇಲಕ್ಕೆ ಹೊರಳಿದವು. ಅವನು ಬೆದರಿ ಅವಳನ್ನು ಒಳಕ್ಕೆ ತಳ್ಳಿದನು. ನೆಲದ ಮೇಲೆ ಬಿದ್ದವಳು ನೀರಿನಿಂದ ಎದ್ದವಳಂತೆ ಉಸಿರೆಳೆದಳು.

ಶಿವಮೂರ್ತಪ್ಪನು ಮೂರನೆಯ ಮನೆಯ ಬಾಗಿಲಿಗೆ ಓಡಿದನು. ಬೀಗದ ಕೈ ಒಮ್ಮೆ ಬಿತ್ತು. ಹುಡುಕಿದನು. ತೆರೆದನು. ದುರ್ಗಮ್ಮ ಆಗಲೇ ಬಂದು ಪಕ್ಕದಲ್ಲಿ ನಿಂತಿದ್ದಳು. ತನ್ನ ಬೀಗವನ್ನು ತೆಗೆದು ಪಕ್ಕಕ್ಕೆ ಸರಿದಳು.

"ಒಳ್ಗೆ ನೀವೇ ಹೋಗ್ಬೇಕು. ನಿಮ್ದು ಅಂದ್ರಲ್ಲ."

ಬೆಂಕಿಕಡ್ಡಿ ಗೀರಿದನು. ಮೂಲೆಯಲ್ಲಿ ಮಡಕೆ ಉರುಳಿತ್ತು. ಕರಿಬಟ್ಟೆಯ ಗಂಟು ಬಿಚ್ಚಿಕೊಂಡಿತ್ತು. ಅದರೊಳಗಿಂದ ಬೆರಳುಗಾತ್ರದ ಕೂದಲಿನ ಹುರಿಯೊಂದು ಹೊರಟು, ನೆಲದ ಮೇಲೆ ಹರಿದು, ಇರುವೆ ಸಾಲಿನಂತೆ ಗೋಡೆಯನ್ನು ಹತ್ತಿ, ಎಂಟಡಿಯ ಅಂಚನ್ನು ದಾಟಿ, ಅವನ ಮನೆಯೊಳಕ್ಕೆ ಇಳಿದಿತ್ತು. ಅದು ಚಲಿಸುತ್ತಿತ್ತು. ಇನ್ನೂ ಹೋಗುತ್ತಲೇ ಇತ್ತು.

ಕಡ್ಡಿ ಆರಿತು. ಅವನು ಕತ್ತಲಲ್ಲೇ ಹುರಿಯನ್ನು ಹಿಡಿದು ಜಗ್ಗಿದನು. ಅದು ಬೆಚ್ಚಗಿತ್ತು. ಗೋಡೆಯಾಚೆ ಪ್ರೇಮ ಚೀರಿದಳು.

"ಕೀಳ್ಬ್ಯಾಡ್ರಿ!" ಬಾಗಿಲಿನಿಂದ ದುರ್ಗಮ್ಮ ಕೂಗಿದಳು. "ಕಿತ್ರೆ ಹುಡ್ಗಿ ಪ್ರಾಣಾನೂ ಜೊತೇಲೇ ಬತ್ತದೆ. ಕರೀರಿ ಅದನ್ನ."

"ಹೇಗೆ ಕರೀಲಿ? ಏನಂತ ಕರೀಲಿ?"

"ನಿಮ್ ಹೆಸ್ರು ಹೇಳಿ, ನಾನೇ ಈ ಮನೆಯೋನು, ನಂಗೇ ಹತ್ತು ಅನ್ನಿ. ಆದ್ರೆ ಕೇಳಿಸ್ಕಳಿ ಸ್ವಾಮಿ. ಅಂದ್ಮ್ಯಾಲೆ ನೀವು ಈ ಹೊಸಿಲು ದಾಟಂಗಿಲ್ಲ. ಹೆಸ್ರು ಹಿಡಿದಿದ್ದು ಕೆರೆಗೆ ಬಿಟ್ರೂ ಹೋಗಲ್ಲ, ಇನ್ಯಾವ ಅಮಾಸೆಗೂ ಬಿಡಲ್ಲ. ಯಾಕೆ ಅಂತ ಮಗಳಿಗೆ ಹೇಳಂಗೂ ಇಲ್ಲ. ಹೇಳಿದ್ರೆ ಕೇಳಿದೋರಿಗೇ ಹೋಗಿ ಹತ್ತುತದೆ. ಅವಳು ಒಳೀಕೆ ಬಂದ್ರೂ ಅಷ್ಟೇ, ಅದು ಮೊದ್ಲು ಹಿಡ್ದಿದ್ದು ಅವಳನ್ನೇ."

"ನಿನಗೆ ಹತ್ತಲ್ವಾ?"

"ನಾನು ಅದನ್ನ ಮುಟ್ಟೋಕೇ ಹುಟ್ಟಿದೋಳು, ನಂಗೆ ಹತ್ತಲ್ಲ. ಆದ್ರೆ ಈಗದು ನಿಮ್ ಮಾತೇ ಕೇಳೋದು. ಬಿರ್ರನೆ ಅನ್ನಿ."

ಗೋಡೆಯಾಚೆ ಚೀರಾಟ ಉಸಿರುಗಟ್ಟಿದ ಗೊರಗೊರ ಸದ್ದಾಗುತ್ತಿತ್ತು. ಅವನು ಕತ್ತಲಲ್ಲಿ ಹುರಿಯತ್ತ ಬಾಗಿದನು. ಹೆಸರು ಹೇಳಿದನು. "ನಾನೇ ಮನೆಯವನು. ನನಗೇ ಹತ್ತು."

ಗೋಡೆಯ ಮೇಲೆ ಸರಸರ ಸದ್ದು. ಇಳಿಯುತ್ತಿತ್ತು. ನೆಲಕ್ಕೆ ಬಂದಿತು. ಅವನ ಪಾದವನ್ನು ಮೂಸಿತು. ಬಲಗಾಲಿನ ಹರಡಿಗೆ ಬೆಚ್ಚಗೆ ಸುತ್ತಿಕೊಂಡಿತು. ಒಂದು ಸುತ್ತು. ಎರಡು. ಮೂರು. ಬಿಗಿಯಿತು.

"ಅಪ್ಪಾ!" ಅಂಗಳದಿಂದ ಪ್ರೇಮಳ ದನಿ. "ಸರಿಹೋಯ್ತಪ್ಪಾ! ಹೊರಗೇ ಬಂದ್ಬಿಟ್ಟೆ ನೋಡು! ಅಲ್ಲೇನು ಮಾಡ್ತಿದೀಯ, ಕತ್ತಲಲ್ಲಿ?"

ಮರುದಿನ ಬೆಳಿಗ್ಗೆ ದುರ್ಗಮ್ಮ ತನ್ನ ಪಾತ್ರೆಪಡಗಗಳನ್ನು ಹೊತ್ತು ಹೊರಟುಹೋದಳು. ಶಿವಮೂರ್ತಪ್ಪನು ಬಯಸಿದ್ದಂತೆ ಬಿದಿಗೆಗೆ ಮುಂಚೆಯೇ ಮೂರನೆಯ ಮನೆ ಖಾಲಿಯಾಯಿತು. ಅವನು ಮಾತ್ರ ಅದರೊಳಗಿದ್ದನು. ಗಂಡಿನ ಕಡೆಯವರೊಂದಿಗೆ ಬಾಗಿಲೊಳಗೆ ಕುಳಿತೇ, ವಾಯುವಿನ ನೋವೆಂದು ನೆವ ಹೇಳಿ, ಕಾಲಿಗೆ ಪಂಚೆ ಎಳೆದುಕೊಂಡು ಮಾತು ಮುಗಿಸಿದನು. ಮಗಳು ತಂದ ಊಟದ ತಟ್ಟೆಯನ್ನು ಬೆನಕಪ್ಪ ಇಸಿದುಕೊಂಡು ಒಳಗೆ ಸರಿಸುತ್ತಿದ್ದನು. ಅವನು ಏನನ್ನೂ ಕೇಳಲಿಲ್ಲ. ಅವನಿಗೆ ಕೇಳಬಾರದೆಂಬುದು ಗೊತ್ತಿತ್ತು. ಪ್ರೇಮ ದಿನವೂ ಕೇಳಿದಳು. ಆಮೇಲೆ ಅತ್ತಳು. ಆಮೇಲೆ ಸುಮ್ಮನಾದಳು.

ಫಾಲ್ಗುಣದಲ್ಲಿ ತರೀಕೆರೆಯ ಗಂಡಿನ ಮನೆಯಲ್ಲೇ ಮದುವೆ. ಹೊರಡುವ ದಿನ ಬೆಳಿಗ್ಗೆ ಬಾಡಿಗೆ ಕಾರು ಬಂದು ನಿಂತಿತು. ಹಸಿರು ರೇಷ್ಮೆ ಸೀರೆಯುಟ್ಟು, ಹಣೆಗೆ ವಿಭೂತಿ ಧರಿಸಿ ಪ್ರೇಮ ಮೂರನೆಯ ಮನೆಯ ಮುಂದೆ ನಿಂತಳು.

"ಬಾರಪ್ಪಾ. ನಾಲ್ಕು ಹೆಜ್ಜೆ. ನಾನು, ಬೆನಕಪ್ಪ ಮಾವ ಹಿಡ್ಕೊಂತೀವಿ."

"ನೀವು ಹೋಗಿ."

"ಧಾರೆ ಯಾರು ಎರೀಬೇಕು?"

"ಬೆನಕಪ್ಪ ಎರೀತಾನೆ."

"ಅಪ್ಪ ಬದುಕಿರುವಾಗ?" ಅವಳು ಹೊಸಿಲಿಗೆ ಒಂದು ಹೆಜ್ಜೆ ಹತ್ತಿರ ಬಂದಳು. "ನಾನೇನು ತಪ್ಪು ಮಾಡಿದೆ ಅಂತಾದರೂ ಹೇಳು. ಅದನ್ನಾದರೂ ಹೇಳು."

ಅವನು ಬಾಯಿ ತೆರೆದನು. ಕಾಲ ಹರಡಿನ ಮೇಲೆ ಕೂದಲು ಮಿಸುಕಿತು. ಬಾಯಿ ಮುಚ್ಚಿದನು.

"ಹೋಗಲಿ, ಕಾಲಿಗಾದರೂ ಬೀಳ್ತೀನಿ," ಎಂದು ಪ್ರೇಮ ಸೀರೆಯ ನೆರಿಗೆ ಹಿಡಿದು, ಹೊಸಿಲ ಮೇಲೆ ಕಾಲೆತ್ತಿದಳು. ಪಂಚೆಯ ಕೆಳಗೆ ಹುರಿಯ ಸುತ್ತು ಸಡಿಲವಾಯಿತು. ಅದರ ತುದಿ ಬಾಗಿಲ ಕಡೆಗೆ ತಲೆ ಎತ್ತಿತು.

"ಒಳಗೆ ಕಾಲಿಟ್ಟರೆ ನೋಡು!" ಶಿವಮೂರ್ತಪ್ಪನು ಅಬ್ಬರಿಸಿದನು. "ನನ್ನ ಮನೆ ಇದು. ನಿನಗೆ ಇಲ್ಲಿ ಏನೂ ಇಲ್ಲ. ಹೋಗೇ!"

ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಹಿಂದಕ್ಕೆ ಹೋಯಿತು. ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿದಳು, ಪರಿಚಯವಿಲ್ಲದ ಊರಿನಲ್ಲಿ ತಪ್ಪು ಬಾಗಿಲು ತಟ್ಟಿದವಳಂತೆ. ಆಮೇಲೆ ತಿರುಗಿ ನಡೆದಳು. ಬೆನಕಪ್ಪ ಕಣ್ಣೊರೆಸಿಕೊಳ್ಳುತ್ತ ಹಿಂದೆ ಹೋದನು. ಅವಳು ಮತ್ತೆ ಈ ಕಡೆ ನೋಡಲಿಲ್ಲ.

ಶಿವಮೂರ್ತಪ್ಪನು ಬಾಗಿಲುವಾಡವನ್ನು ಹಿಡಿದು, ಎಷ್ಟು ಮುಂದಕ್ಕೆ ಬಾಗಲು ಸಾಧ್ಯವೋ ಅಷ್ಟು ಬಾಗಿ, ಉಸಿರು ಕಟ್ಟಲಾರಂಭಿಸಿದರೂ ಬಿಡದೆ, ಹಸಿರು ಸೀರೆಯ ಅಂಚಿನ ಕೆಳಗೆ ಅವಳ ಪಾದಗಳನ್ನು ನೋಡಿದನು. ಎರಡೂ ಹಗುರವಾಗಿ, ಸರಾಗವಾಗಿ, ಒಂದಾದ ಮೇಲೊಂದು ನೆಲದಿಂದ ಏಳುತ್ತಿದ್ದವು.