ಹೊಕ್ಕುಳಬಳ್ಳಿಯ ಚಾಕು

“ಅಳಿಯಂದ್ರ, ಆ ಸಲಾಕಿಗಿ ಬೆಂಕಿ ತೋರಸಬ್ಯಾಡ್ರಿ. ಎಲ್ಲಿಂದ ಕಿತ್ತು ತಂದೀರೋ ಅಲ್ಲೇ ನಟ್ಟು ಬರ್ರಿ.”

ಬಂಡೆಮ್ಮ ಕುಲುಮೆಯ ಒಳಗೆ ಕಾಲಿಡಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಅಳಿಯನ ಕೈಯಲ್ಲಿದ್ದ ಉಕ್ಕಿನ ಸಲಾಕಿಯನ್ನು ಹಾವನ್ನು ನೋಡುವಂತೆ ನೋಡುತ್ತ ಹೊರಗೇ ನಿಂತಳು.

ಚಂದ್ರಶಾ ನಕ್ಕ. “ಯಾಕ ಅತ್ತಿ, ಕಚ್ಚತದೇನು?”

ಅವನು ಕಲಬುರಗಿಯ ಶಹಾಬಜಾರದವನು. ಹುಟ್ಟಾ ಕಂಬಾರ, ಮೇಲೆ ಬಟ್ಟೆ ಗಿರಣಿಯಲ್ಲಿ ಎಂಟು ವರ್ಷ ಕಬ್ಬಿಣ ಬಡಿದು ಪಳಗಿದ ಕೈ. ಆ ವರ್ಷ ನಿಜಾಮನ ಸೀಮೆಯ ಗಡಿಗಳು ಮುಚ್ಚಿ, ಉಪ್ಪು, ಚಿಮಣಿ ಎಣ್ಣೆ, ಕಬ್ಬಿಣ ಯಾವುದೂ ಒಳಗೆ ಬರದಂತಾಗಿತ್ತು. ಗಿರಣಿ ನಿಂತಿತು. ಪೇಟೆಯಲ್ಲಿ ರಜಾಕಾರರ ಭಯ. ಹೆಂಡತಿ ಶಿವಕಾಂತಮ್ಮ ಚೊಚ್ಚಲ ಹೆರಿಗೆಗೆಂದು ಕಮಲಾಪುರದ ತವರಿಗೆ ಹೋಗಿದ್ದಳು. ಅವನೂ ಮನೆಗೆ ಬೀಗ ಹಾಕಿ ಹಿಂದೆಯೇ ಬಂದ. ಮಾವ ರಾಮಣ್ಣ ತೀರಿಕೊಂಡು ವರ್ಷವಾಗಿತ್ತು. ತಣ್ಣಗಾಗಿದ್ದ ಕುಲುಮೆಗೆ ಅಳಿಯ ಮತ್ತೆ ಬೆಂಕಿ ಹಾಕಿದ.

ಕಂಬಾರರಲ್ಲೊಂದು ಪದ್ಧತಿಯಿತ್ತು. ಚೊಚ್ಚಲ ಕೂಸಿನ ಹೊಕ್ಕುಳಬಳ್ಳಿಯನ್ನು ತಂದೆ ಕೈಯಾರೆ ಬಡಿದ ಹೊಸ ಚಾಕುವಿನಿಂದಲೇ ಕೊಯ್ಯಬೇಕು. ಆ ಚಾಕು ಅದಕ್ಕೂ ಮೊದಲು ಒಂದು ಹುಲ್ಲುಕಡ್ಡಿಯನ್ನೂ ಕೊಯ್ದಿರಬಾರದು. ಶಿವಕಾಂತಮ್ಮನಿಗೆ ದಿನ ತುಂಬಿದ್ದವು. ಮನೆಯಲ್ಲಿ ಉಕ್ಕಿನ ಚೂರೂ ಇರಲಿಲ್ಲ. ನೇಗಿಲ ಕುಳದ ಕಬ್ಬಿಣ ಮೆತ್ತಗೆ, ಅದರಲ್ಲಿ ಹರಿತ ನಿಲ್ಲುವುದಿಲ್ಲ. ಹೀಗೆ ಹುಡುಕಾಡುವಾಗ ಬಾಳೆತೋಟದ ಬದುವಿನಲ್ಲಿ, ಲಕ್ಕಿ ಗಿಡದ ಬುಡಕ್ಕೆ, ನೆಲದಿಂದ ಉಗುರಿನಷ್ಟು ಮೇಲೆದ್ದಿದ್ದ ಈ ಸಲಾಕಿ ಕಣ್ಣಿಗೆ ಬಿತ್ತು. ಅರ ಹಾಕಿ ನೋಡಿದ, ಅರವೇ ಜಾರಿತು. ಅಪ್ಪಟ ಉಕ್ಕು! ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತ. ಒಂದೂವರೆ ಗೇಣು ಉದ್ದ, ಕಿರುಬೆರಳ ದಪ್ಪ. ಎರೆಮಣ್ಣಿನಲ್ಲಿ ಹೂತಿದ್ದರೂ ಮೈಮೇಲೆ ಒಂದು ಚುಕ್ಕೆ ತುಕ್ಕಿರಲಿಲ್ಲ.

“ಅಲ್ಲಿ ನಮ್ಮ ವಿಮಲಿ ಮಲಗ್ಯಾಳ್ರಿ,” ಎಂದಳು ಬಂಡೆಮ್ಮ.

ವಿಮಲಾಬಾಯಿ ಶಿವಕಾಂತಮ್ಮನ ಅಕ್ಕ. ಎಂಟು ವರ್ಷದ ಹಿಂದೆ ಸತ್ತಳೆಂಬುದಷ್ಟೇ ಚಂದ್ರಶಾನಿಗೆ ಗೊತ್ತಿತ್ತು.

“ತುಂಬಿದ ಬಸರಿ. ಕೂಸು ಹೊಟ್ಟ್ಯಾಗೇ ಇತ್ತು, ಹಂಗೇ ಹ್ವಾದಳು. ತಿರುಗಿ ಮನಿಗಿ ಬರಬಾರದಂತ ನಿಮ್ಮ ಮಾವ ಮಂತ್ರವಾದಿನ್ನ ಕರಸಿದ್ರು. ಅಂವ ಒಂದೊಂದು ಏಟಿಗಿ ಒಂದೊಂದು ಮಂತ್ರ ಹೇಳ್ದ, ಇವರು ನೂರಾ ಒಂದು ಏಟು ಬಡದು ಈ ಸಲಾಕಿ ಮಾಡಿ ಆಕಿ ಮ್ಯಾಲ ನಟ್ರು. ಬೆಂಕ್ಯಾಗ ಕಟ್ಟಿದ್ದು ಬೆಂಕ್ಯಾಗೇ ಬಿಚ್ತದ, ಅಳಿಯಂದ್ರ.”

ಚಂದ್ರಶಾನಿಗೆ ಒಂದು ಕ್ಷಣ ನಾಚಿಕೆಯಾಯಿತು. “ಸಮಾಧಿ ಅಂತ ಗೊತ್ತಿರಲಿಲ್ಲ ಅತ್ತಿ, ತಪ್ಪಾತು. ಬದಲಿಗಿ ಗಾಡಿಗಾಲಿ ಪಟ್ಟಿ ತುಂಡು ನಟ್ಟು ಬರ್ತೀನಿ. ಸತ್ತವರಿಗಿ ಉಕ್ಕು ಆದ್ರೇನು, ಕಬ್ಬಿಣ ಆದ್ರೇನು?” ಎಂದು ಸಲಾಕಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದ. “ಮಂತ್ರ ಎಲ್ಲದ ತೋರಸ್ರಿ. ಇದ್ದರ ಅರ ಹಾಕಿ ಉಜ್ಜಿ ತಗದುಬಿಡ್ತೀನಿ.”

ಬಂಡೆಮ್ಮ ಥಟ್ಟನೆ ತಿರುಗಿದಳು. ಮಗಳು ಮಲಗಿದ್ದ ಕೋಣೆಯ ಕಡೆ ಬೇಗ ಬೇಗ ನಡೆದುಹೋದಳು.

ಹೊರಗೆ ಶ್ರಾವಣದ ಜಿಟಿಜಿಟಿ. ತಿದಿ ಒತ್ತಲು ಯಾರೂ ಇರಲಿಲ್ಲ. ಎಡಗೈಗೆ ಅದರ ಹಗ್ಗ ಸುತ್ತಿಕೊಂಡು ತಾನೇ ಒತ್ತಿದ. ಉಕ್ಕು ಮೊದಲು ಆ ಊರಿನ ಕೆಂಪು ಬಾಳೆಹಣ್ಣಿನ ಬಣ್ಣಕ್ಕೆ ಬಂತು, ಆಮೇಲೆ ಕಿತ್ತಳೆಗೆ ತಿರುಗಿತು. ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು ಬಡಿದ. ಒಳ್ಳೆಯ ಉಕ್ಕು. ಹದವಾಗಿ ನಾದಿದ ಹಿಟ್ಟಿನಂತೆ ಸುತ್ತಿಗೆಯ ಮಾತು ಕೇಳುತ್ತಿತ್ತು. ತುದಿ ಚೂಪಾಯಿತು. ಅಂಚು ತೆಳುವಾಯಿತು.

ಆಗ ಅವನಿಗೆ ಕೇಳಿಸಿತು. ಅವನ ಪ್ರತಿ ಏಟಿನ ಹಿಂದೆ ಇನ್ನೊಂದು ಏಟು. ಮೆಲ್ಲಗೆ, ನೆಲದ ಒಳಗಿಂದ. ಗೋಡೆಗೆ ಬಡಿದು ಮರಳುವ ಸದ್ದು ಎಂದುಕೊಂಡು ಸುತ್ತಿಗೆ ನಿಲ್ಲಿಸಿದ. ಕೆಳಗಿನದು ಇನ್ನೂ ಒಂದು ಸಲ ಬಡಿದು ನಿಂತಿತು. ಎಡಗೈಯ ಹಗ್ಗ ಬಿಚ್ಚಿ ಪಕ್ಕಕ್ಕೆ ಹಾಕಿದ. ಯಾರೂ ಮುಟ್ಟದೆ ತಿದಿ ಒಂದು ಸಲ ಉಬ್ಬಿತು. ನಿಧಾನಕ್ಕೆ ಉಸಿರು ಬಿಟ್ಟಿತು.

“ಹಳೇ ಚರ್ಮ,” ಎಂದು ತನಗೆ ತಾನೇ ಹೇಳಿಕೊಂಡ.

ಕೊನೆಗೆ ನೀರು ಕುಡಿಸುವುದು. ಕೆಂಪಗೆ ಕಾದ ಅಲಗನ್ನು ಕಲ್ಲಿನ ದೋಣಿಯ ನೀರಿಗೆ ಇಳಿಸಿದರೆ ಚುರ್ರೆನ್ನಬೇಕು. ಇದು ಚುರ್ರೆನ್ನಲಿಲ್ಲ. ಬಹಳ ಹೊತ್ತು ಉಸಿರು ಕಟ್ಟಿ ಹಿಡಿದ ಹೆಂಗಸು ಒಮ್ಮೆಲೇ ಬಿಟ್ಟಂತೆ, ಹಾ ಎಂದಿತು. ಎದ್ದ ಹಬೆಯಲ್ಲಿ ಇದ್ದಲಿಯ ವಾಸನೆ ಇರಲಿಲ್ಲ. ಅಜವಾನ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ, ಹಸಿ ಹಾಲು. ಬಾಣಂತಿ ಕೋಣೆಯ ವಾಸನೆ. ದೋಣಿಯ ನೀರು ತೆಳ್ಳಗೆ ಬೆಳ್ಳಗಾಗಿತ್ತು. ಬೂದಿ ಬಿದ್ದಿರಬೇಕು ಎಂದುಕೊಂಡು ಅವನು ನೀರು ಚೆಲ್ಲಿಬಿಟ್ಟ.

ಅಲಗನ್ನು ಮತ್ತೆ ಸಣ್ಣ ಉರಿಗೆ ಹಿಡಿದು ಗೋಧಿ ಹುಲ್ಲಿನ ಬಣ್ಣಕ್ಕೆ ತಂದ, ಹದ ಕೂತಿತು. ಜಾಲಿಯ ಹಿಡಿ ಹಾಕಿದ. ಚಂದದ ಚಾಕು. ಆದರೆ ಸಂಜೆಗೂ ಅದರ ಬಿಸಿ ಆರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಶಿವಕಾಂತಮ್ಮನಿಗೆ ನೋವು ಕಾಣಿಸಿತು. ಸೂಲಗಿತ್ತಿ ರೋಷನಬಿ ಬಂದಳು. ಊರಿನ ಅರ್ಧ ಮಕ್ಕಳನ್ನು ಹಿಡಿದ ಕೈ ಅವಳದು. ಬಾಗಿಲ ಮುಂದೆ ಅತ್ತಿಂದಿತ್ತ ಓಡಾಡುತ್ತಿದ್ದ ಚಂದ್ರಶಾನನ್ನು ನೋಡಿ ಎಲೆಯಡಿಕೆ ಬಾಯಲ್ಲೇ ನಕ್ಕಳು.

“ಏ ಶಹಾಬಜಾರದ ಅಳಿಯಾ, ಸುಮ್ನ ಕೂಡು. ನಿಮ್ಮ ಗಿರಣಿ ಭೋಂಗಾ ಹೊಡದ ಕೂಡಲೇ ಕೂಸು ಹೊರಗ ಬರಲ್ಲ.”

ಕೂಸು ಬಂತು. ಗಂಡು. “ಛುರಿ ಕೊಡ್ರಿ” ಎಂದು ರೋಷನಬಿ ಕೈ ಚಾಚಿದಳು. ಬಂಡೆಮ್ಮ ಕೊಡಲಿಲ್ಲ, ಒಲೆಯ ಹತ್ತಿರ ಕಲ್ಲಾಗಿ ನಿಂತಿದ್ದಳು. ಚಂದ್ರಶಾನೇ ಬಾಗಿಲ ಸಂದಿಯಿಂದ ಚಾಕು ನೀಡಿದ.

“ಯಾ ಅಲ್ಲಾ, ಇದು ಬಿಸಿ ಅದಲ್ಲೋ!” ಎಂದಳು ಅವಳು. ಅಲಗು ತಾಕುವ ಮೊದಲೇ ಬಳ್ಳಿ ಎರಡಾಯಿತು. ಅಳುತ್ತಿದ್ದ ಕೂಸು ಥಟ್ಟನೆ ಅಳು ನಿಲ್ಲಿಸಿ, ಯಾರೋ ಕರೆದಂತೆ ಖಾಲಿ ಮೂಲೆಯ ಕಡೆ ಮುಖ ತಿರುಗಿಸಿತು.

ಆ ಹೊತ್ತಿನಿಂದ ಅದು ತಾಯಿಯ ಮೊಲೆ ಮುಟ್ಟಲಿಲ್ಲ.

ಶಿವಕಾಂತಮ್ಮ ಒತ್ತಿ ಹಿಡಿದಳು, ತುಟಿಗೆ ಹಾಲು ಹಿಂಡಿದಳು, ಹಾಡಿದಳು, ಬೇಡಿಕೊಂಡಳು. ಕೂಸು ಬಾಯಿ ಬಿಗಿದು ಮುಖ ತಿರುವುತ್ತಿತ್ತು. ತೊಟ್ಟಿಲಿಗೆ ಹಾಕಿದರೆ ಮಾತ್ರ ಒದ್ದಾಟ ನಿಲ್ಲಿಸುತ್ತಿತ್ತು. ಆಮೇಲೆ ತೊಟ್ಟಿಲಿನಿಂದ ಗುಟುಕ್, ಗುಟುಕ್ ಎಂಬ ಸದ್ದು. ಹೋಗಿ ನೋಡಿದರೆ ಕೂಸಿನ ಬಾಯಂಚಿನಲ್ಲಿ ಹಾಲು. ಒರೆಸಿದ ಬೆರಳಿಗೆ ತಣ್ಣಗೆ ಹತ್ತುತ್ತಿತ್ತು, ಕಬ್ಬಿಣದ ವಾಸನೆ ಬರುತ್ತಿತ್ತು. ಹಾಲು ಕಟ್ಟಿ ಶಿವಕಾಂತಮ್ಮನಿಗೆ ಎದೆ ಕಲ್ಲಾಗಿ, ಜ್ವರ ಏರಿತು. ಕೂಸಿನ ಹೊಟ್ಟೆ ತುಂಬಿರುತ್ತಿತ್ತು. ಮೈ ಮಾತ್ರ ದಿನದಿನಕ್ಕೆ ತಣ್ಣಗಾಗುತ್ತಿತ್ತು. ಕಂಬಳಿ ಹೊದಿಸಿದರೂ, ಬೋರಸಿಯ ಕೆಂಡದ ಹತ್ತಿರ ಮಲಗಿಸಿದರೂ, ತೋಡಿದ ಮಣ್ಣಿನ ತಂಪು.

ಕೂಸು ಹುಟ್ಟಿದ ನಾಲ್ಕನೆಯ ದಿನ ರೋಷನಬಿ ಕೂಸಿನ ಪಾದ ಮುಟ್ಟಿ ಕೈ ಹಿಂದಕ್ಕೆ ತೆಗೆದಳು. ಚಂದ್ರಶಾನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದಳು: “ಸತ್ತವರ ಹಾಲು ಕುಡದ ಕೂಸು ಸತ್ತವರ ಕಡೆ ಬೆಳಿತದ, ಬೇಟಾ. ಇನ್ನ ಎರಡು ದಿನಾ. ಅದರ ಮ್ಯಾಲ ನನ್ನ ಕೈಲಿ ಏನಿಲ್ಲ.”

“ಏನೋ ಖಾಯಿಲಿ ಇರಬೇಕು, ಕಲಬುರಗಿ ಡಾಕ್ಟರ್ ಕಡೆ...” ಎನ್ನುತ್ತ ಅವನು ಒಳಗೆ ಬಂದ. ತೊಟ್ಟಿಲಿಗೆ ಬಗ್ಗಿದ. ಕೂಸಿನ ತುಟಿಗಳು ದುಂಡಗೆ ತೆರೆದು ಮುಂದಕ್ಕೆ ಎಳೆದಿದ್ದವು, ಕಾಣದ ಯಾವುದನ್ನೋ ಕಚ್ಚಿ ಹಿಡಿದಂತೆ. ಪಕ್ಕದ ಕೌದಿಯಲ್ಲಿ ಮೊಣಕೈ ಊರಿದಷ್ಟು ತಗ್ಗು. ಅವನು ನೋಡುತ್ತಿದ್ದಂತೆಯೇ ತಗ್ಗು ಇನ್ನಷ್ಟು ಆಳವಾಯಿತು.

ಚಾಕು ತಗೊಂಡ. ಸುತ್ತಿಗೆ ತಗೊಂಡ. ಓಡಿದ.

ಮಟಮಟ ಮಧ್ಯಾಹ್ನ. ಮಳೆ ನಿಂತು ಸುಡುವ ಬಿಸಿಲು. ಬಾಳೆಯ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಲಕ್ಕಿ ಗಿಡದ ಬುಡದಲ್ಲಿ ಅವನು ನಟ್ಟಿದ್ದ ಗಾಲಿಪಟ್ಟಿಯ ತುಂಡು ಕಿತ್ತು ಹೊರಗೆ ಬಿದ್ದಿತ್ತು, ಪುಡಿಪುಡಿ ತುಕ್ಕಾಗಿ. ಅದೇ ತೂತಿಗೆ ಚಾಕುವಿನ ತುದಿ ಇಟ್ಟ. ಬಡಿದ.

ಮಣ್ಣು ಬೆಣ್ಣೆಯಂತೆ ಬಿಟ್ಟುಕೊಟ್ಟಿತು.

ಮನೆಯ ಕಡೆಯಿಂದ ಕೂಸು ಚೀರಿತು. ನಾಲ್ಕು ದಿನದಿಂದ ಅಳದ ಕೂಸು. ಅವನಿಗೆ ಸಂತೋಷವಾಯಿತು. ಬಿಡಸ್ತೀನಿ, ನನ್ನ ಮಗನ್ನ ಬಿಡಸ್ತೀನಿ! ಮತ್ತೆ ಬಡಿದ. ಮತ್ತೆ ಚೀರಾಟ. ಮತ್ತೆ ಬಡಿದ. ಚೀರಾಟ ಸಣ್ಣಗಾಯಿತು. ಇನ್ನೊಂದು ಏಟು. ಚೀರಾಟ ಇನ್ನೂ ಸಣ್ಣಗೆ. ಸುತ್ತಿಗೆ ಎತ್ತಿದ.

“ಬ್ಯಾಡ್ರಿ! ಬಡೀಬ್ಯಾಡ್ರಿ!”

ಬಂಡೆಮ್ಮ ಬದುವಿನ ಮೇಲೆ ಎಡವುತ್ತ ಓಡಿ ಬರುತ್ತಿದ್ದಳು. ಕೈಯಲ್ಲಿ ಹಿಡಿದಿದ್ದ ಸೆರಗು ಪೂರ್ತಿ ಕೆಂಪು. “ನೀವು ಇಲ್ಲಿ ಬಡದಂಗ ಅಲ್ಲಿ ಕೂಸಿನ ಹೊಕ್ಕಳಾ ಒಡದು ರಕ್ತ ಹರ್ಯಾಕತ್ತದ! ಆ ಚಾಕೂಲೆ ಬಳ್ಳಿ ಕೊಯ್ದೀರಿ, ಚಾಕೂ ಕೂಸೂ ಈಗ ಒಂದೇ. ಕೀಳ್ರಿ!”

ಸುತ್ತಿಗೆ ಬಿದ್ದಿತು. ಹಿಡಿ ಎಳೆದ; ಹಿಡಿ ಮುರಿದು ಕೈಗೆ ಬಂತು. ಮಣ್ಣು ಅಗೆದ. ಅಲಗು ಸಿಕ್ಕಿತು. ಕೆಳಗಿನಿಂದ ಯಾರೋ ಹಿಡಿದಿದ್ದರು. ಬರಿಗೈಯಲ್ಲೇ ಅಲಗು ಹಿಡಿದು ಎಳೆದ. ಅಂಗೈ ಸೀಳಿತು. ಎಳೆದ. ಬೆರಳಿನ ನರ ಕಡಿಯಿತು. ಬಿಡಲಿಲ್ಲ. ಎಳೆದ. ಬಂತು.

ಮನೆಗೆ ಬಂದಾಗ ರೋಷನಬಿ ಹೊಕ್ಕುಳಿಗೆ ಅರಿಶಿನ ಒತ್ತಿ ಹಿಡಿದಿದ್ದಳು. ರಕ್ತ ನಿಂತಿತ್ತು. ಕೂಸು ಮೇಣದಂತೆ ಬೆಳ್ಳಗಿತ್ತು. ಸೀಳಿದ ಕೈಯನ್ನು ಎದೆಗೊತ್ತಿಕೊಂಡು ಚಂದ್ರಶಾ ನೆಲಕ್ಕೆ ಕುಸಿದ. ವಿಮಲಾಬಾಯಿಯನ್ನು ಮತ್ತೆ ಕಟ್ಟಿದರೆ ಕೂಸು ಸಾಯುತ್ತದೆ. ಕಟ್ಟದಿದ್ದರೂ ಸಾಯುತ್ತದೆ.

ಜ್ವರದಲ್ಲಿ ಉರಿಯುತ್ತಿದ್ದ ಶಿವಕಾಂತಮ್ಮ ಗೋಡೆ ಹಿಡಿದು ಎದ್ದು ಕೂತಳು. “ಯವ್ವಾ, ಖರೇ ಹೇಳು. ಅಕ್ಕನ್ನ ಯಾಕ ಕಟ್ಟಿದ್ರಿ? ಆಕಿ ಯಾರಿಗಿ ಏನ್ ಮಾಡಿದ್ದಳು?”

ಬಂಡೆಮ್ಮ ರಕ್ತ ಹತ್ತಿದ ಸೆರಗನ್ನು ಮುದ್ದೆ ಮಾಡಿ ಹಿಡಿದಳು. ಆಮೇಲೆ ಒಳಗಿದ್ದುದು ಒಡೆದು ಬಂತು. “ಏನೂ ಮಾಡಿರಲಿಲ್ಲ ಮಗಳ. ದಿನಾ ಮುಸ್ಸಂಜಿಗಿ ಅಂಗಳದಾಗ ಬಂದು ಕೂಡತಿದ್ದಳು. ‘ಯವ್ವಾ, ನನ್ನ ಕೂಸೆಲ್ಲಿ, ಎದಿ ಕಟ್ಯಾದ’ ಅಂತಿದ್ದಳು. ಅಷ್ಟೇ. ಊರಾಗಿನ ಬಸರೇರು ಹೆದರ್ತಾರಂತ ನಿಮ್ಮಪ್ಪ... ಹೆತ್ತ ಮಗಳಿಗಿ ಸಲಾಕಿ ಬಡದ. ನಾ ನೋಡ್ಕೋತ ನಿಂತೆ.”

ಶಿವಕಾಂತಮ್ಮ ಕಲ್ಲಾದ ತನ್ನ ಎದೆಯನ್ನು ಮುಟ್ಟಿಕೊಂಡಳು. ನಾಲ್ಕು ದಿನಕ್ಕೇ ಇಷ್ಟು ನೋವು. ಅಕ್ಕನಿಗೆ ಎಂಟು ವರ್ಷದಿಂದ.

ಕೂಸನ್ನು ಎತ್ತಿಕೊಂಡಳು. ಗಂಡ ತಡೆಯಲು ಕೈ ಚಾಚಿದ, ಅವಳು ನೋಡಲಿಲ್ಲ. ಖಾಲಿ ಮೂಲೆಯ ಮುಂದೆ ಮೊಣಕಾಲೂರಿ ಕೂತು, ಎರಡೂ ಕೈಯಲ್ಲಿ ಕೂಸನ್ನು ಮುಂದಕ್ಕೆ ಹಿಡಿದಳು.

“ಅಕ್ಕಾ. ತಗೋ. ಇಂವ ನಿನ್ನ ಮಗ. ನಾ ಹೆತ್ತೀನಂತ ಎಂದೂ ಅನ್ನಲ್ಲ. ನಾ ಚಿಕ್ಕವ್ವ.” ಕೂಸನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು. “ಖರೇ, ನಿನ್ನ ಹಾಲಿಗಿ ಇಂವ ಬದುಕಲ್ಲಕ್ಕಾ. ನಿನ್ನ ಮಗ ಬದುಕಬೇಕೋ ಬ್ಯಾಡೋ? ಕೂಸು ನಿಂದು. ಹಾಲಷ್ಟೇ ನಂದು. ಅದೊಂದು ನನಗ ಬಿಡು.”

ಹೊರಗೆ ಕುಲುಮೆಯಲ್ಲಿ ತಿದಿ ಉಬ್ಬಿದ ಸದ್ದು. ಆಮೇಲೆ ಒಂದು ದೀರ್ಘ ನಿಟ್ಟುಸಿರು.

ಕೂಸು ತಲೆ ಹೊರಳಿಸಿತು. ಬಾಯಿ ತೆರೆಯಿತು. ಶಿವಕಾಂತಮ್ಮನ ಎದೆಗೆ ಬಿದ್ದು ಕಚ್ಚಿ ಹಿಡಿಯಿತು.

ಸ್ವಲ್ಪ ಹೊತ್ತಿಗೆ ಅದರ ಪಾದಗಳು ಬೆಚ್ಚಗಾದವು.

ಭಾದ್ರಪದದಲ್ಲಿ ಪೊಲೀಸ್ ಆಕ್ಷನ್ ಆಗಿ ನಿಜಾಮನ ರಾಜ್ಯ ಮುಗಿಯಿತು. ಗಿರಣಿ ಮತ್ತೆ ಶುರುವಾಯಿತು, ಚಂದ್ರಶಾ ಹೋಗಲಿಲ್ಲ. ಬೆರಳು ಮಡಚದ ಆ ಕೈಗೆ ಸುತ್ತಿಗೆ ನಿಲ್ಲುತ್ತಿರಲಿಲ್ಲ. ಚಾಕುವನ್ನು ಕರಗಿಸುವಂತಿರಲಿಲ್ಲ, ಹೂಳುವಂತಿರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಜಂತಿಗೆ ಕಟ್ಟಿಟ್ಟ. ಹುಡುಗ ಗುಂಡಗೆ ಬೆಳೆದ. ಹೊರಗಿನವರು ಯಾರೂ ಇಲ್ಲದಾಗ ಚಂದ್ರಶಾ ಅವನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹೆಂಡತಿಯ ಕಡೆ ಬೆರಳು ತೋರಿಸುತ್ತಿದ್ದ. “ಅವ್ವಾ ಅನ್ನು, ಮಗಾ. ಒಂದು ಸಲ, ಅವ್ವಾ ಅನ್ನು.” ಕಂಡಾಗಲೆಲ್ಲ ಶಿವಕಾಂತಮ್ಮ ಗಂಡನ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು, ಆದರೆ ಆ ಕೈ ಪ್ರತಿಸಲ ತುಸು ತಡವಾಗಿ ಬರುತ್ತಿತ್ತು.

ಒಂದು ಸಂಜೆ ಹುಡುಗ ಗೋಡೆ ಬಿಟ್ಟು ಮೊದಲ ಹೆಜ್ಜೆ ಇಟ್ಟ. ಶಿವಕಾಂತಮ್ಮ ಒಲೆಯ ಮುಂದಿನಿಂದ ಎದ್ದು, ರೊಟ್ಟಿಯ ಹಿಟ್ಟು ಮೆತ್ತಿದ ಕೈಗಳನ್ನೇ ಚಾಚಿದಳು. ಅವನು ಆ ಕೈಗಳ ಪಕ್ಕದಿಂದ ದಾಟಿ, ತಟಪಟ ನಡೆದು ಖಾಲಿ ಮೂಲೆಗೆ ಹೋದ. ಗೋಡೆಗೆ ಕೆನ್ನೆ ಒತ್ತಿ ನಕ್ಕ.

“ಅವ್ವಾ,” ಎಂದ.

ಆಮೇಲೆ ಹಸಿವಾಗಿ ತಿರುಗಿದ. “ಚಿಕ್ಕವ್ವಾ.”

ಚಿಕ್ಕವ್ವ ಎಂಬ ಮಾತನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಶಿವಕಾಂತಮ್ಮ ಹಿಟ್ಟಿನ ಕೈಯನ್ನು ನಿಧಾನವಾಗಿ ತೊಳೆದುಕೊಂಡಳು. ಸೆರಗು ಸರಿಮಾಡಿಕೊಂಡು ಮೂಲೆಯ ಹತ್ತಿರ ಹೋಗಿ ನಿಂತಳು. ಹುಡುಗನನ್ನು ಮುಟ್ಟಲಿಲ್ಲ.

“ಎತ್ತಿಕೊಳ್ಳಲೇನಕ್ಕಾ?” ಎಂದು ಗೋಡೆಯನ್ನು ಕೇಳಿ, ಕಾಯತೊಡಗಿದಳು.