ಹಿಂದಿನ ಸೀಟಿನ ಬೆಲ್ಟು

"ಈ ಗಾಡಿಗೆ ನಿಮ್ಮದೇನೂ ಕೊಡಬೇಡಿ. ಇದರದ್ದೇನೂ ತಗೋಬೇಡಿ."

ಹಾಗೆ ಹೇಳಿದ ಗಾಡಿಯ ಒಡತಿ ಗ್ಯಾರೇಜಿನ ಗೇಟು ದಾಟಿ ಒಳಗೆ ಬರಲಿಲ್ಲ. ಓರಗಿತ್ತಿ ಮಾಡಿಸಿದ ಮಾಟವಂತೆ. ಕೊಟ್ಟು ತೆಗೆದುಕೊಂಡ ದಾರಿಯಲ್ಲೇ ದಾಟುತ್ತದಂತೆ. ಒಮ್ಮೆ ಈ ಗಾಡಿಗೆ ತನ್ನ ಸ್ಟೆಪ್ನಿ ಕೊಟ್ಟಿದ್ದ ಒಡತಿಯ ಅಣ್ಣ ಈಗಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದ್ದ ಎಲೆಕ್ಟ್ರಿಷಿಯನ್ ನಕ್ಕ. "ಅಕ್ಕಾ, ಹನ್ನೆರಡು ವೋಲ್ಟಿನ ಬ್ಯಾಟರೀಲಿ ಮಾಟ ಸ್ಟಾರ್ಟೂ ಆಗಲ್ಲ."

ಮೇಸ್ತ್ರಿ ನಗಲಿಲ್ಲ. ಅಂಗಡಿಯಿಂದ ಹೊಸ ರಿಲೇ ಸ್ವಿಚ್ಚು ಬರುವವರೆಗೆ ಮುಟ್ಟಬೇಡ ಎಂದು ಗೊಣಗಿ ಊಟಕ್ಕೆ ಹೋದ.

ಏಳು ಸೀಟಿನ ದೊಡ್ಡ ಗಾಡಿ. ಎಲೆಕ್ಟ್ರಿಷಿಯನ್ ಒಳಗೆ ಕುಳಿತು ಕೀ ತಿರುಗಿಸಿದ್ದೇ ತಡ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ: ಹಿಂದಿನ ಸೀಟಿನವರು ಬೆಲ್ಟ್ ಹಾಕಿಲ್ಲ. ಹಿಂದೆ ಯಾರೂ ಇರಲಿಲ್ಲ. ಎಲ್ಲಿಂದಲೋ ಸುಟ್ಟ ಕೂದಲಿನ ವಾಸನೆ.

ಅನುಮಾನದ ಭಾಗ ಕಿತ್ತು, ಸರಿಯಿರುವ ಗಾಡಿಯದನ್ನು ಹಾಕಿ ನೋಡುವುದು ಅವನ ಕಸುಬಿನ ಮೊದಲ ಪಾಠ. ಇದೇ ಕಂಪನಿಯ, ಇದೇ ರಿಲೇ ಇರುವ ಅವನ ಸ್ವಂತ ಚಿಕ್ಕ ಗಾಡಿ ಅಂಗಳದಲ್ಲಿಯೇ ಇತ್ತು. ಅದರ ರಿಲೇ ತಂದು, ಗುರುತಿಗೆ ಮಗಳ ನೇಲ್ ಪಾಲಿಶಿನ ಒಂದು ಚುಕ್ಕೆ ಇಟ್ಟು, ಸ್ಟಿಯರಿಂಗ್ ಕೆಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿ ಕೂರಿಸಿದ. ದೀಪ ಆರಿತು. ಹಳೆಯದನ್ನು ತನ್ನ ಗಾಡಿಗೆ ಹಾಕಿ ಪರೀಕ್ಷಿಸಿದ. ಅಲ್ಲೂ ದೀಪವಿಲ್ಲ. ಹಾಗಾದರೆ ದೋಷವೆಲ್ಲಿ?

ಯೋಚಿಸುತ್ತ ಕೈ ತೊಳೆಯಲು ಹೋದ. ಬರುವಷ್ಟರಲ್ಲಿ ಹೆಂಡತಿ ಬಂದು, ಮಗಳನ್ನು ಶಾಲೆಯಿಂದ ಕರೆತರಲು ಅವನ ಗಾಡಿ ಒಯ್ದಿದ್ದಳು. ಇರಲಿ, ಎರಡೂ ಒಂದೇ ಜಾತಿಯ ರಿಲೇ ಎಂದುಕೊಂಡ.

ಸ್ವಲ್ಪ ಹೊತ್ತಿಗೆ ಫೋನು ಬಂತು.

"ರೀ, ಹಿಂದಿನ ಸೀಟಿನ ಬೆಲ್ಟ್ ದೀಪ ಹತ್ತಿದೆ. ಮಗು ನನ್ನ ಪಕ್ಕದಲ್ಲೇ ಇದಾಳೆ. ಹಿಂದೆ ಯಾರೂ ಇಲ್ಲ. ಗಾಡಿ ನಿಂತುಬಿಡ್ತು. ಬಾಗಿಲು ತೆಗೀತಿಲ್ಲ. ಹೊಗೆ ಬರ್ತಿದೆ."

ಮಗಳ ಕೆಮ್ಮು ಕೇಳಿಸಿತು.

ಅವನಿಗೆ ಒಡತಿಯ ಮಾತು ನೆನಪಾಯಿತು. ಕೊಟ್ಟದ್ದನ್ನು ವಾಪಸು ತೆಗೆಯಬೇಕು. ಈಗಲೇ. ಓಡಿದ. ದೊಡ್ಡ ಗಾಡಿಯೊಳಗೆ ನುಗ್ಗಿ ಪೆಟ್ಟಿಗೆಗೆ ಕೈ ಹಾಕಿದ. ಚುಕ್ಕೆಯಿದ್ದ ರಿಲೇ ಕೆಂಡವಾಗಿತ್ತು. ಹೆಬ್ಬೆರಳು ಪೆಟ್ಟಿಗೆಯ ತಾಮ್ರಕ್ಕೆ ಅಂಟಿತು. ಎಳೆದ. ಬರಲಿಲ್ಲ. ಫೋನಿನಲ್ಲಿ ಕೆಮ್ಮು ನಿಂತಿತು. ಹಲ್ಲು ಕಚ್ಚಿ ಮತ್ತೆ ಎಳೆದ.

ಕಿತ್ತು ಬಂತು.

"ಬಾಗಿಲು ತೆಗೀತು! ಇಳಿದ್ವಿ, ರೀ. ಇಬ್ಬರೂ ಇಳಿದ್ವಿ." ಮಗಳು ಜೋರಾಗಿ ಅಳತೊಡಗಿದಳು. ಅಷ್ಟು ಇಂಪಾದ ಅಳುವನ್ನು ಅವನು ಹಿಂದೆಂದೂ ಕೇಳಿರಲಿಲ್ಲ.

ರಿಲೇ ಕೈಯಲ್ಲಿತ್ತು. ಹೆಬ್ಬೆರಳಿನ ಚರ್ಮ ಕೈಯಲ್ಲಿರಲಿಲ್ಲ. ಪೆಟ್ಟಿಗೆಯ ಬಿಸಿ ತಾಮ್ರದ ಮೇಲೆ ಅದು ಕರಗಿ, ಕಪ್ಪಾಗಿ, ಒಳಗಿಳಿಯುತ್ತಿತ್ತು.

ನಿಮ್ಮದೇನೂ ಕೊಡಬೇಡಿ.

ಬಾಗಿಲುಗಳು ಒಟ್ಟಿಗೆ ಲಾಕ್ ಆದವು. ಕೆಂಪು ದೀಪ ಹತ್ತಿತು. ಅವನು ತಿರುಗಿ ನೋಡಲಿಲ್ಲ. ಸುಟ್ಟ ಕೂದಲಿನ ವಾಸನೆ ಕತ್ತಿನ ಬಳಿ ಬಂದು ನಿಂತಿತು.

ಹಿಂದೆ ಬೆಲ್ಟು ಸರ್ರನೆ ಎಳೆದ ಸದ್ದು. ಕ್ಲಿಕ್.

ದೀಪ ಆರಿತು.