ಅಜ್ಜನ ಎಡಗಣ್ಣು

ಚಳಿ ಹಿಂದೆ ಸರಿದು ಬಿಸಿಲು ಚುರುಕಾಗುತ್ತಿದ್ದ ದಿನಗಳು. ಬೆಳಿಗ್ಗೆ ಏಳು ಗಂಟೆ.

“ಅಜ್ಜ, ಅಲ್ಲಾಡ್ಬೇಡ. ಕ್ರೀಮು ಮೂಗಿಗೆ ಹೋಯ್ತು ನೋಡು.”

“ಮೂಗಿಗೂ ವಯಸ್ಸಾಗಿದೆ ಬಿಡು. ಅದಕ್ಕೂ ಒಂಚೂರು ಇರ್ಲಿ.”

ಅಜ್ಜ ಹೊಲಿಗೆ ಮಿಷನ್ನಿನ ಸ್ಟೂಲಿನ ಮೇಲೆ ಕೂತಿದ್ದ. ಬುಗುರಿ ಅವನ ಮುಂದೆ ನಿಂತಿದ್ದಳು. ಒಂದು ಕಡೆ ಎರಡು ನಿಮಿಷ ನಿಲ್ಲುವವಳಲ್ಲ ಅಂತ ಮನೆಯವರು ಅವಳಿಗೆ ಇಟ್ಟ ಹೆಸರು ಅದು. ಈಗ ಮಾತ್ರ ಉಸಿರು ಬಿಗಿಹಿಡಿದಿದ್ದಳು. ಉಂಗುರ ಬೆರಳಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಕ್ರೀಮ್ ತೆಗೆದುಕೊಂಡು ಅಜ್ಜನ ಎಡಗಣ್ಣಿನ ಕೆಳಗೆ ಮೆಲ್ಲಗೆ ತಟ್ಟುತ್ತಿದ್ದಳು. ಉಜ್ಜಬಾರದು, ತಟ್ಟಬೇಕು. ಅತ್ತೆ ಹಾಗೆ ಹೇಳಿಕೊಟ್ಟಿದ್ದಳು.

ಅತ್ತೆ ಅಂದರೆ ಅಜ್ಜನ ಕೊನೆಯ ಮಗಳು, ಬುಗುರಿಯ ಅಪ್ಪನ ತಂಗಿ. ಪಕ್ಕದ ಬೀದಿಯ ಸಣ್ಣ ಬ್ಯೂಟಿ ಪಾರ್ಲರ್‌ನಲ್ಲಿ ಅವಳ ಕೆಲಸ. ದೂರದ ಊರಿನಲ್ಲಿ ದೊಡ್ಡ ಪಾರ್ಲರ್ ಇಟ್ಟಿದ್ದ ಮೇಡಂ ಒಬ್ಬರು ಅವಳ ಕೈಗೆ ಕಣ್ಣಿನ ಕೆಳಗಿನ ಊತ ಇಳಿಸುವ ಈ ಹೊಸ ಕ್ರೀಮಿನ ಡಬ್ಬಿ ಕೊಟ್ಟಿದ್ದರು. “ಇಪ್ಪತ್ತು ದಿನ ಒಬ್ಬರ ಒಂದೇ ಕಣ್ಣಿಗೆ ಹಚ್ಚು. ಇನ್ನೊಂದನ್ನ ಹಾಗೇ ಬಿಡು. ಫೋಟೋದಲ್ಲಿ ವ್ಯತ್ಯಾಸ ಕಂಡ್ರೆ ಬಂದು ನಮ್ಮಲ್ಲೇ ಕೆಲಸಕ್ಕೆ ಸೇರ್ಕೋ” ಅಂದಿದ್ದರು.

ಊದಿದ ಕಣ್ಣು ಹುಡುಕಿಕೊಂಡು ಹೊರಗೆ ಹೋಗಬೇಕಾಗಿರಲಿಲ್ಲ. ಅಜ್ಜ ನಲವತ್ತು ವರ್ಷ ಸೂಜಿಗೆ ದಾರ ಪೋಣಿಸಿದ ದರ್ಜಿ. ಅವನ ಕಣ್ಣುಗಳ ಕೆಳಗೆ ಎರಡು ಚೀಲ ಜೋತುಬಿದ್ದಿದ್ದವು.

“ಜನ್ಮವೆಲ್ಲ ಊರವರಿಗೆ ಜೇಬು ಹೊಲ್ದೆ. ನನಗೆ ಪುಕ್ಕಟೆ ಸಿಕ್ಕಿದ್ದು ಇವೆರಡೇ ಜೇಬು. ಅದ್ರಲ್ಲೂ ಒಂದನ್ನ ಬಿಚ್ಚಿಹಾಕ್ತೀರಾ?” ಅಂತ ಮೊದಲ ದಿನವೇ ಗೊಣಗಿದ್ದ.

ಅತ್ತೆ ಬುಗುರಿಗೆ ಜಡೆ ಹಾಕಿ ಬೆಳಿಗ್ಗೆ ಬೇಗ ಹೊರಡುತ್ತಿದ್ದಳು. ಹಾಗಾಗಿ ಕ್ರೀಮ್ ಹಚ್ಚುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು, ಎರಡೂ ಬುಗುರಿಯ ಪಾಲಿಗೆ ಬಂದಿದ್ದವು.

ಹತ್ತು ದಿನ ಕಳೆಯಿತು. ಅತ್ತೆ ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ನೋಡಿದಳು. “ಎರಡೂ ಅವಳಿ ಮಕ್ಕಳ ಥರ ಇವೆಯಲ್ಲೇ. ನೀನು ದಿನಾ ಹಚ್ತಿದ್ದೀಯಾ, ಇಲ್ಲ ಬರೀ ಆಟವಾ?”

ಬುಗುರಿ ನೋಟ್‌ಬುಕ್ ತೆರೆದು ತೋರಿಸಿದಳು. ಒಂದು ದಿನವೂ ತಪ್ಪಿಸಿರಲಿಲ್ಲ.

ಮರುದಿನ ಹಚ್ಚಿ ಆದಮೇಲೆ ಬ್ಯಾಗ್ ತರುವ ನೆಪ ಮಾಡಿ ಬಾಗಿಲ ಹಿಂದೆ ನಿಂತಳು. ಗಿರಾಕಿಗಳು ಅಂಗಿ ತೊಟ್ಟು ನೋಡಿಕೊಳ್ಳುವ ನಿಲುವುಗನ್ನಡಿಯಲ್ಲಿ ಅಜ್ಜ ಪೂರ್ತಿ ಕಾಣುತ್ತಿದ್ದ. ಅವನು ಆ ಕಡೆ ಈ ಕಡೆ ನೋಡಿದ. ಒಂದು ಚೂರು ಬಟ್ಟೆ ತೆಗೆದುಕೊಂಡ. ಎಡಗಣ್ಣಿನ ಕೆಳಗೆ ಚೊಕ್ಕವಾಗಿ ಒರೆಸಿ, ಬಟ್ಟೆಯನ್ನು ಮಡಚಿ ಮಿಷನ್ನಿನ ಡ್ರಾಯರಿಗೆ ಹಾಕಿದ.

ಬುಗುರಿ ಹಾರಿ ಬಂದು ಡ್ರಾಯರ್ ಎಳೆದಳು. ಜಿಡ್ಡು ಜಿಡ್ಡಾದ ಹನ್ನೊಂದು ಚೂರು ಬಟ್ಟೆ, ನೀಟಾಗಿ ಮಡಚಿಟ್ಟದ್ದು.

“ಕಳ್ಳಜ್ಜ!”

“ಕಿರುಚ್ಬೇಡ್ವೇ. ಬಾಯೋ ಬಸ್ಸಿನ ಹಾರನ್ನೋ.” ಅಜ್ಜ ದನಿ ತಗ್ಗಿಸಿದ. “ಇದು ಫಲ ಕೊಟ್ರೆ ನಿನ್ನತ್ತೆ ಹೋಗ್ಬಿಡ್ತಾಳೆ. ಆಮೇಲೆ ನಿಂಗೆ ಜಡೆ ಯಾರು ಹಾಕ್ತಾರೆ? ನಿಮ್ಮಪ್ಪನಾ? ಅವನು ಹಾಕಿದ್ರೆ ಹಗ್ಗ ಆಗತ್ತೆ.”

ಬುಗುರಿ ನಗಲಿಲ್ಲ. ಇದು ಅವಳಿಗೆ ಹೊಳೆದೇ ಇರಲಿಲ್ಲ. ಮೆಲ್ಲಗೆ ಡ್ರಾಯರ್ ಮುಚ್ಚಿ, ನೋಟ್‌ಬುಕ್ಕಿನಲ್ಲಿ ‘ವ್ಯತ್ಯಾಸ ಇಲ್ಲ’ ಅಂತ ಬರೆದಳು. ಬರೆದದ್ದು ಸುಳ್ಳಲ್ಲ. ಆದರೂ ನೋಟ್‌ಬುಕ್ಕನ್ನು ಬೇಗ ಮುಚ್ಚಿಬಿಟ್ಟಳು.

ಹೊಸ ಕೆಲಸಕ್ಕೆಂದು ಅತ್ತೆ ಒಂದು ಬಿಳಿ ಕೋಟು ಕೊಂಡಿದ್ದಳು. ದಿನಾ ಸಂಜೆ ಅದನ್ನು ತೊಟ್ಟು, “ಬನ್ನಿ ಮೇಡಂ, ಕೂತ್ಕೊಳ್ಳಿ” ಅನ್ನುತ್ತಿದ್ದಳು. ಬುಗುರಿ ಮೇಡಂ ಆಗಿ ಗತ್ತಿನಿಂದ ಕೂತು, “ನನ್ನ ಮೀಸೆ ಟ್ರಿಮ್ ಮಾಡಿ” ಅನ್ನುತ್ತಿದ್ದಳು. ಅವತ್ತು ಸಂಜೆ ಅತ್ತೆ ನೋಟ್‌ಬುಕ್ ಓದಿದಳು. ಕೋಟನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದಳು.

“ಇವತ್ತು ಮೇಡಂ ಆಟ ಇಲ್ವಾ ಅತ್ತೆ?”

“ಮೇಡಂ ಬರಲ್ವಂತೆ ಕಣೆ.”

ಮಾರನೆಯ ಬೆಳಿಗ್ಗೆ ಬುಗುರಿ ಕ್ರೀಮ್ ತಟ್ಟಿದಳು. ಎದುರಿಗೇ ಕುರ್ಚಿ ಎಳೆದುಕೊಂಡು, ಪರೀಕ್ಷೆಯ ರಟ್ಟಿನಿಂದ ಅಜ್ಜನ ಮುಖಕ್ಕೆ ಗಾಳಿ ಬೀಸುತ್ತ ಕೂತಳು.

“ಸ್ಕೂಲಿಗೆ ಲೇಟಾಗಲ್ವಾ?”

“ಆಗ್ಲಿ.”

“ಬೆಲ್ ಹೊಡೀತಾರೆ.”

“ಹೊಡೀಲಿ.”

ಅಜ್ಜನ ಕೈ ಡ್ರಾಯರಿನ ಕಡೆ ಜಾರಿತು. ಬುಗುರಿ ರೆಪ್ಪೆ ಬಡಿಯದೆ ನೋಡಿದಳು. ಕೈ ಮೊಣಕಾಲಿಗೆ ವಾಪಸ್ ಬಂತು.

“ಮತ್ತೆ ಜಡೆ?”

ಬುಗುರಿ ತಿರುಗಿ ತೋರಿಸಿದಳು. ಅವತ್ತು ತಾನೇ ಹಾಕಿಕೊಂಡಿದ್ದಳು. ಬೈತಲೆ ಒಂದು ದಿಕ್ಕಿಗೆ, ಜಡೆ ಇನ್ನೊಂದು ದಿಕ್ಕಿಗೆ. ಅಜ್ಜ ಅದನ್ನು ತುಂಬ ಹೊತ್ತು ನೋಡಿದ.

“ಹೊಲಿಗೆ ಸೊಟ್ಟ ಇದೆ” ಅಂದ. “ಬಿಚ್ಚಿಕೊಳ್ಳಲ್ಲ ಬಿಡು.”

ಆಮೇಲೆ ಅವನು ಬಟ್ಟೆ ಮುಟ್ಟಲಿಲ್ಲ. ದಿನ ಕಳೆದಂತೆ ಎಡಗಣ್ಣಿನ ಚೀಲ ಇಳಿಯಿತು. ಬಲಗಣ್ಣಿನದು ಹಾಗೇ ಇತ್ತು. ಹಾಲಿನವಳು ಬಾಗಿಲಲ್ಲೇ ನಿಂತು, “ಏನಜ್ಜ, ರಾತ್ರಿ ಅರ್ಧ ಮುಖಕ್ಕೆ ಮಾತ್ರ ನಿದ್ದೆ ಬಂತಾ?” ಅಂತ ಕೇಳಿದಳು.

ಇಪ್ಪತ್ತನೆಯ ದಿನ ಫೋಟೋ ಕಳಿಸಿದರು. ಮೇಡಂ ಬರಹೇಳಿದರು. ಅಜ್ಜ ಪೆಟ್ಟಿಗೆಯ ತಳದಿಂದ ಕೋಟು ಎಳೆದ. “ಜೇಬೇ ಇಲ್ವಲ್ಲ ಇದಕ್ಕೆ. ಯಾವನು ಹೊಲ್ದಿದ್ದು?” ಅಂತ ಬೈಯುತ್ತ ಎರಡು ಜೇಬು ಹಚ್ಚಿಕೊಟ್ಟ.

ಅತ್ತೆ ಬೆಳಗಿನ ಬಸ್ಸಿಗೆ ಹೊರಟಳು. ಡಬ್ಬಿಯನ್ನು ಮನೆಯಲ್ಲೇ ಬಿಟ್ಟಿದ್ದಳು. ಬಸ್ ಸ್ಟ್ಯಾಂಡಿನಿಂದ ಬಂದಮೇಲೆ ಬುಗುರಿ ರೂಢಿಯಂತೆ ಅದನ್ನು ಹಿಡಿದು ಬಂದಳು. ಅಜ್ಜ ರೂಢಿಯಂತೆ ಸ್ಟೂಲಿನ ಮೇಲೆ ಕೂತು ಕನ್ನಡಕ ತೆಗೆದ.

ಬುಗುರಿ ಎಡಗಣ್ಣು ನೋಡಿದಳು. ಬಲಗಣ್ಣು ನೋಡಿದಳು. ಎರಡೂ ಒದ್ದೆಯಾಗಿ ಊದಿದ್ದವು. ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಅಜ್ಜನಿಗೆ ಒತ್ತಿಕೊಂಡು ಕೂತು ನೋಟ್‌ಬುಕ್ ತೆರೆದು ಬರೆದಳು:

‘ಗುರುವಾರ. ಅತ್ತೆ ಹೋದಳು. ಎರಡೂ ಕಣ್ಣು ಒಂದೇ ಥರ.’